ನಾಲ್ಕನೇ ಜ್ವರಕ್ಕೆ ನನ್ನ ಸಾಂಬ್ರಾಣಿ

ಬೀಪಿ ಏರಿದೆ ಎಂದ ಡಾಕ್ಟರು, "ದಿನಾ ಅರ್ಧ ಗಂಟೆ ಹಸಿರಲ್ಲಿ ಓಡಾಡಿ ತಾಯಿ" ಎಂದರು. ದೇವರ ದಯೆ, ಹಸಿರಿಗೆ ಅಲೆಯಬೇಕಿರಲಿಲ್ಲ. ಯಜಮಾನರಿಗೆ ವರ್ಗವಾಗಿ ನಗರಗೆರೆಯಿಂದ ಜಂಗಮಕೋಟೆಗೆ ಬಂದು ತಿಂಗಳಾಗಿತ್ತು. ಮನೆಯ ಹಿಂದೆಯೇ ನೆರೆಮನೆಯ ರತ್ನಮ್ಮನವರ ಹಿಪ್ಪುನೇರಳೆ ತೋಟ. ನಾಮ ಹೇಳಿಕೊಳ್ಳುತ್ತ ಸಾಲುಗಳ ನಡುವೆ ನಡೆದೆ. ಇಬ್ಬನಿಗೆ ಸೆರಗು ಒದ್ದೆಯಾಯಿತು, ತಲೆಯೊಳಗಿನ ಗದ್ದಲ ಅರ್ಧ ಇಳಿಯಿತು. ನಾಲ್ಕೇ ದಿನಕ್ಕೆ, ಊರಿಗೆಲ್ಲ ಹಂಚುವಷ್ಟು ಆರೋಗ್ಯ ಬಂತು.

ಐದನೆಯ ದಿನ ರತ್ನಮ್ಮ ಬದುವಿನ ಮೇಲೆ ಸುಮ್ಮನೆ ಕುಳಿತಿದ್ದರು.

"ಇವತ್ತು ಬಿಡುವಾ?"

"ಹೂಂ ಕಣಕ್ಕ. ಎಲ್ಲಾ ನಾಲ್ಕನೇ ಜ್ವರಕ್ಕೆ ಮಲಗವೆ. ಸೊಪ್ಪೂ ಮುಟ್ಟಲ್ಲ."

ಮಕ್ಕಳಿಗೆ ನಾಲ್ಕನೇ ಸಲ ಜ್ವರವೇ! ಅವರ ತಂಗಿಯ ಮಕ್ಕಳು ರಜೆಗೆ ಬಂದಿದ್ದರು. ಪಾಪ, ಸೊಪ್ಪಿನ ಸಾರೂ ಸೇರುತ್ತಿಲ್ಲ.

"ಡಾಕ್ಟ್ರಿಗೆ ತೋರಿಸಿದ್ರಾ?"

"ಜ್ವರಕ್ಕೆ ಯಾರಕ್ಕ ಡಾಕ್ಟ್ರನ್ನ ಕರೀತಾರೆ? ನಾಳೆ ಅವೇ ಎದ್ದು ಮೇಯ್ತವೆ."

ಮಕ್ಕಳು 'ಮೇಯುವುದು' ಈ ಕಡೆಯ ಮಾತಿನ ಧಾಟಿ ಇರಬೇಕು ಅಂದುಕೊಂಡೆ.

"ಎಲ್ಲಿ ಮಲಗಿಸಿದ್ದೀರಿ?"

"ಅಗೋ, ಆ ಉದ್ದನೇ ಮನೇಲಿ. ಕಿಟಕಿಗೆಲ್ಲಾ ಪರದೆ ಬಿಟ್ಟಿದೀನಿ."

ಮನೆಗೆ ಬಂದು ಈಶ್ವರನಿಗೆ ಕೈಮುಗಿದು, ಕೆಂಡಕ್ಕೆ ಸಾಂಬ್ರಾಣಿ, ಬೇವಿನೆಲೆ ಹಾಕಿದೆ.

"ನಿನ್ನ ಬೀಪಿ ನೀನು ನೋಡ್ಕೊಳ್ಳೇ" ಎಂದರು ಯಜಮಾನರು.

ಪರೋಪಕಾರಕ್ಕೆ ಹೊರಟವಳಿಗೆ ಅದೆಲ್ಲ ಕೇಳಿಸುವುದಿಲ್ಲ. ಉದ್ದನೆಯ ಮನೆಯ ಬಾಗಿಲು ತೆರೆದು, ಬೀಸಣಿಗೆಯಿಂದ ಭಕ್ತಿಪೂರ್ವಕವಾಗಿ ಹೊಗೆ ತುಂಬಿಸಿದೆ. ಕತ್ತಲಿಗೆ ಕಣ್ಣು ಹೊಂದಿದಾಗ ಒಳಗೆ ಮಕ್ಕಳಿರಲಿಲ್ಲ. ಅಂತಸ್ತು ಅಂತಸ್ತಾಗಿ ಹಾಸಿದ ಹಿಪ್ಪುನೇರಳೆ ಕಡ್ಡಿಗಳ ಮೇಲೆ, ತಲೆಯೆತ್ತಿ ಧ್ಯಾನಕ್ಕೆ ಕುಳಿತಂತೆ ಸಾವಿರಾರು ರೇಷ್ಮೆಹುಳುಗಳು!

ರತ್ನಮ್ಮ ಓಡಿ ಬಂದರು.

"ಅಯ್ಯೋ ಅಕ್ಕಾ, ಹುಳ ನಾಲ್ಕು ಸಲ ಪೊರೆ ಬಿಡ್ತವೆ, ಅದಕ್ಕೆ ಮಲಗೋದನ್ನೇ ನಾವು ಜ್ವರ ಅನ್ನೋದು. ಇಲ್ಲಿ ಊದಿನಕಡ್ಡೀನೂ ಹಚ್ಚಲ್ಲ ನಾವು. ಈ ಹೊಗೆಗೆ ಸತ್ರೆ ಇಡೀ ಬೆಳೆ ಹೋಯ್ತು."

ಕೆಂಡ ನೀರಿಗೆ ಬಿತ್ತು. ಇಬ್ಬರೂ ಸೇರಿ ಪರದೆಗಳನ್ನೆಲ್ಲ ಎತ್ತಿದೆವು. ಮುಖ ತೋರಿಸಲಾಗದೆ ಸಂಜೆಯವರೆಗೆ ಬದುವಿನ ಮೇಲೇ ಕುಳಿತೆ. ಅಷ್ಟು ಭಯದಲ್ಲೂ ಎಲೆ ಅಲುಗಿದಾಗಲೆಲ್ಲ ಮನಸ್ಸು ತಂಪಾಗುತ್ತಿತ್ತು. ಗಾಳಿ ಬಂತು, ಹೊಗೆ ಹೋಯಿತು ಎಂದು.

ಮರುದಿನ ಬೆಳಗ್ಗೆ ರತ್ನಮ್ಮನೇ ಕೂಗಿದರು. "ಎದ್ವು ಕಣಕ್ಕ. ಸೊಪ್ಪು ಸಾಲ್ತಿಲ್ಲ ಈಗ."

ಕಣ್ಣು ತುಂಬಿತು. ಹುಳು ಊಟ ಮಾಡಿತೆಂದು ಅತ್ತವಳು ನಾನೊಬ್ಬಳೇ ಇರಬೇಕು.

ತೋಟಕ್ಕೆ ಈಗಲೂ ಹೋಗುತ್ತೇನೆ. ಅವರು ಬೇಡವೆನ್ನಲಿಲ್ಲ, ಅದೇ ದೊಡ್ಡದು. ಉದ್ದನೆಯ ಮನೆಗೆ ಮಾತ್ರ ಬೀಗ ಬಿದ್ದಿದೆ. ಇಷ್ಟು ವರ್ಷ ಕಳ್ಳರಿಗೂ ಹಾಕದ ಬೀಗವಂತೆ.