ಪೋಲೆಂಡಿನ ಕನ್ಯಾ ನೋಡಿದ್ದು

ಇಂಗ್ಲಿಷ್ ಬರುತ್ತದೆಂದು ಇಳಕಲ್ಲಿನಲ್ಲಿ ಯಾರಿಗೂ ಹೇಳಬಾರದು. ಔಷಧಿ ಚೀಟಿಯಿಂದ ಶುರುಮಾಡಿ ಪ್ರೇಮದ ತನಕ ಬರುತ್ತಾರೆ. ಎದುರುಮನೆಯ ಸೀರೆ ಅಂಗಡಿಯವನಿಗೆ ನಲವತ್ತಾದರೂ ಕನ್ಯೆ ಸಿಕ್ಕಿರಲಿಲ್ಲ. ಹುನಗುಂದ, ಬಾಗಲಕೋಟೆ ಎಲ್ಲ ನೋಡಿ ಮುಗಿದ ಮೇಲೆ ಡೇಟಿಂಗ್ ಆ್ಯಪ್ ಹಾಕಿಕೊಂಡ. ಅದರಲ್ಲಿ ಬಂದದ್ದನ್ನು ಓದಿ ಹೇಳಿ ಉತ್ತರ ಬರೆಯುವ ಕೆಲಸ ನನಗೆ ಬಿತ್ತು; ಅಂದಿನಿಂದ ನನ್ನ ಸಂಜೆಯ ಓದು ನಿಂತಿತು.

ಫೋಟೊ

ಅವನು ಹಾಕಿದ್ದು ತಂಗಿಯ ಮದುವೆಯ ಫೋಟೊ, ಮನೆಮಂದಿಯೆಲ್ಲ ಅದರಲ್ಲಿ. ಒಬ್ಬನದೇ ಹಾಕು ಎಂದೆ.

"ಒಬ್ಬನ ನಿಂತ್ರ ಹಿಂದಮುಂದ ಯಾರೂ ಇಲ್ಲದಾಂವ ಅಂತಾರ್ರಿ, ಸರ್."

ಪೋಲೆಂಡಿನಲ್ಲಿ ಮಕ್ಕಳಿಗೆ ಈಜು ಕಲಿಸುವ ಒಬ್ಬಾಕೆ, ಇದರಲ್ಲಿ ನೀನು ಯಾರು ಎಂದು ಕೇಳಿದಳು.

"ನಗದ ನಿಂತಾಂವ ಅಂತ ಬರೀರಿ."

ಬರೆದೆ. ಅಂಥವರು ಆರು ಜನ ಇದ್ದಾರೆ ಎಂದು ಉತ್ತರ ಬಂತು.

ಊಟ

ತಿಂಗಳುಗಟ್ಟಲೆ ಅವನು ನನ್ನಿಂದ ಕೇಳಿಸಿದ್ದು ಒಂದೇ: ಊಟ ಆತೇನ್.

"ಅವಳ ಮನಸ್ಸಿನಲ್ಲಿ ಏನಿದೆ ಅಂತ ಕೇಳಪ್ಪ."

"ಊಟ ಆಗದ ಅದನ್ನ ಹೆಂಗ ಕೇಳೂದ್ರಿ?"

ಒಮ್ಮೆ ಒಂದೆರಡು ದಿನ ಅವಳ ಸದ್ದಿಲ್ಲ. ಗಿರಾಕಿಯ ಮುಂದೆ ಸೀರೆ ಬಿಚ್ಚಿಟ್ಟು ನನ್ನ ಮನೆಗೆ ಓಡಿಬಂದ. "ಇಕಿನೂ ಹ್ವಾದ್ಳ್ರಿ. ಇನ್ನ ನನಗ ಯಾರೂ ಇಲ್ಲ." ಅಷ್ಟರಲ್ಲಿ ಫೋನು ಮಿಣುಕಿತು. ಜ್ವರ ಬಂದಿತ್ತು, ಊಟ ಸೇರುತ್ತಿಲ್ಲ ಎಂದು ಬರೆದಿದ್ದಳು.

ಅವನು ಕಣ್ಣೊರೆಸಿಕೊಂಡು ನನ್ನನ್ನು ನೋಡಿದ. "ಮದ್ಲ ಅದನ್ನ ಕೇಳ್ಬೇಕಂತ ನಾ ಹೇಳಿರ್ಲಿಲ್ಲೇನ್ರಿ?"

ವಿಡಿಯೊ

ಮೊದಲ ವಿಡಿಯೊ ಕರೆಗೆ ಹೋದರೆ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಕನ್ಯಾ ನೋಡಲು ಬಂದವರಂತೆ ಬಳಗವೆಲ್ಲ ಫೋನಿನೆದುರು ಕೂತಿತ್ತು. ಅವನ ಸೋದರತ್ತೆ ನನಗೆ ಹೇಳಿದರು: "ಒಂದೀಟು ಅಡ್ಡಾಡಿ ತೋರಸಂತ ಹೇಳ್ರಿ. ಕಾಲು ಸರಿ ಅದಾವೇನ ನೋಡೂಣು."

ಅದನ್ನು ಹಾಗೇ ಕೇಳಲು ನನಗೆ ನಾಲಗೆ ಏಳಲಿಲ್ಲ. ನಿಮ್ಮ ಮನೆ ತೋರಿಸುತ್ತೀರಾ ಎಂದು ಕೇಳಿದೆ. ಅವಳು ಫೋನು ಹಿಡಿದು ಕೋಣೆಕೋಣೆ ತಿರುಗಿದಳು.

"ಅಡಗಿಮನಿ ಚಲೋ ಐತಿ," ಎಂದರು ಅತ್ತೆ. "ಕಾಲ ಕಾಣಲಿಲ್ಲ."

ಬಾದಾಮಿ

ಚಳಿಗಾಲದಲ್ಲಿ ಅವಳೇ ಬಂದಳು. ಕಣ್ಣಾರೆ ನೋಡಿ ಮದುವೆಯ ಮಾತು ಹೇಳುತ್ತೇನೆ ಎಂದಿದ್ದಳು. ಇಬ್ಬರೇ ಬಾದಾಮಿಗೆ ಹೋಗಿಬನ್ನಿ ಎಂದೆ. ಇಬ್ಬರೇ ಎಂದರೆ ಅತ್ತೆ ಮತ್ತು ನಾನೂ ಸೇರಿ.

ಗುಹೆಯ ಮುಂದೆ ಅವಳು ನನ್ನನ್ನು ಕೇಳಿದಳು: ಅಂದು ಫೋನಿನಲ್ಲಿ ಅತ್ತೆ ನಿಜವಾಗಿ ಕೇಳಿದ್ದೇನು? ಹೇಳಿಬಿಟ್ಟೆ. ಅವಳು ನಗಲಿಲ್ಲ. ಕಲ್ಲಿನ ಮೇಲೆ ಕೂತು, ಹಾಗಾದರೆ ಮೊದಲು ಇವನು ನಡೆಯಲಿ ಎಂದಳು.

ಅನುವಾದಿಸಿದೆ. ಅವನು ಪ್ಯಾಂಟು ಕೊಡವಿಕೊಂಡು ಆ ತುದಿಯ ತನಕ ನಡೆದು ತಿರುಗಿ ಬಂದ. ಮಂಗಗಳೂ ಸುಮ್ಮನೆ ನೋಡಿದವು. ಅವಳು ಪಕ್ಕಕ್ಕೆ ಸರಿದು ಅವನಿಗೆ ಜಾಗ ಮಾಡಿದಳು. ಪಾಸಾಗಿದ್ದಾನೆ, ಮದುವೆಯಾಗುತ್ತೇನೆ ಎಂದಳು.

ಅತ್ತೆ ನನ್ನ ತೋಳು ಹಿಡಿದು ಆಚೆ ಎಳೆದರು.

"ಸರ್, ಇವನ ಎಡಗಾಲು ಒಂದೀಟು ಎಳೀತೈತಿ. ನಾನೂ ಇವತ್ತ ನೋಡಿದ್ದು. ಇದೊಂದು ಆಕಿಗಿ ಇಂಗ್ಲಿಷಿನ್ಯಾಗ ಹೇಳಬ್ಯಾಡ್ರಿ."