ಯಂತ್ರಕ್ಕೊಂದು ಕೌದಿ

ನಾನು ಮನುಷ್ಯರ ಮಾತಿಗಿಂತ ಯಂತ್ರವನ್ನು ಹೆಚ್ಚು ನಂಬುವವನು. ಹೆಮ್ಮೆಯಿಂದ ಹೇಳುತ್ತಿಲ್ಲ, ತಪ್ಪೊಪ್ಪಿಕೊಳ್ಳುತ್ತಿದ್ದೇನೆ. ಹೊಟ್ಟೆಪಾಡಿಗೆ ನಾನು ಗಾಳಿ ಅಳೆಯುತ್ತೇನೆ. ಸಿರುಗುಪ್ಪ ರಸ್ತೆಯಲ್ಲಿ ವಿಮಾನ ನಿಲ್ದಾಣ ಬರಲಿದೆಯಂತೆ. ಈಗಿನ ಗಾಳಿ ಎಷ್ಟು ಕೊಳೆಯೆಂದು ಬರೆದಿಟ್ಟರೆ ತಾನೇ ಆಮೇಲೆ ವಿಮಾನದ ಹೊಗೆ ಎಷ್ಟೆಂದು ತಿಳಿಯುವುದು? ಹಾಗಾಗಿ ವಾರಕ್ಕೊಮ್ಮೆ ಮೂಗಿಗೆ ಕರವಸ್ತ್ರ ಬಿಗಿದು ಸತ್ಯನಾರಾಯಣಪೇಟೆಯ ಮನೆಯಿಂದ ಬೈಕಿನಲ್ಲಿ ಹೊರಡುತ್ತೇನೆ. "ಬರದೇ ಇರೋ ವಿಮಾನಕ್ಕ ಪಗಾರ ಕೊಡ್ತಾರಂದ್ರ ನಿಮ್ಮ ನಸೀಬ ಬಿಡ್ರಿ," ಎನ್ನುತ್ತಾಳೆ ಹೆಂಡತಿ.

ಆ ರಸ್ತೆಯಂಚಿನಲ್ಲಿ, ಹಳೆ ಬಟ್ಟೆಯ ಕೌದಿ ಹೊಲಿಯುವ ಹುಸೇನಮ್ಮನವರ ಮನೆಯ ಮಾಳಿಗೆಯ ಮೇಲೆ ನನ್ನದೊಂದು ಯಂತ್ರವಿದೆ. ಗಾಳಿ ಎಳೆದುಕೊಂಡು ಬಿಳಿ ಕಾಗದದ ಮೇಲೆ ಧೂಳು ಹಿಡಿಯುತ್ತದೆ. ಹುಸೇನಮ್ಮನವರಿಗೆ ಕೆಮ್ಮು. "ಇದು ಗಾಳೀದೋ ಒಲೀದೋ, ಮಿಷಿನ್ ನೋಡಿ ಹೇಳ್ರಿ ಸಾರ್," ಎಂದಿದ್ದರು. ಪ್ರತಿ ಸಲವೂ ಕಾಗದ ಬೆಳ್ಳಗೆ ಬಂತು. ಯಂತ್ರ ಸ್ವಲ್ಪ ಹೆಚ್ಚೇ ಬಿಸಿಯಾಗುತ್ತಿತ್ತು ನಿಜ, ಆದರೆ ಬಳ್ಳಾರಿ ಬಿಸಿಲಿಗೆ ಯಾವುದು ಬಿಸಿಯಾಗುವುದಿಲ್ಲ? "ಗಾಳಿ ಚಲೋ ಐತಮ್ಮ, ಒಲಿ ಮುಂದ ಕೂಡೋದು ಕಡಿಮಿ ಮಾಡ್ರಿ," ಎಂದು ಡಾಕ್ಟರ ಗತ್ತಿನಲ್ಲಿ ಹೇಳಿದೆ. ಅವರು ನಂಬಿ, ಹೊಲಿಗೆಯನ್ನು ಮಾಳಿಗೆಗೇ ತಂದು ದಿನವಿಡೀ ಅಲ್ಲಿಯೇ ಕೂರತೊಡಗಿದರು. ಕೆಳಗೆ ರಸ್ತೆಯಲ್ಲಿ ಲಾರಿಗಳು ಓಡುತ್ತಲೇ ಇದ್ದವು.

ಮೊನ್ನೆ ಕುರುಗೋಡಿನಲ್ಲಿಟ್ಟಿದ್ದ ಇನ್ನೊಂದು ಯಂತ್ರ ಕೆಟ್ಟಿತ್ತು. ಅದನ್ನು ಸರಿಮಾಡಿ, ಹೇಳದೆ ಕೇಳದೆ ಒಂದು ದಿನ ಮೊದಲೇ ಹುಸೇನಮ್ಮನವರ ಮನೆಗೆ ಬಂದೆ. ಮಾಳಿಗೆ ಹತ್ತಿದರೆ, ನನ್ನ ಯಂತ್ರ ದಪ್ಪ ಕೌದಿ ಹೊದ್ದು ಗೊರಗೊರ ಎನ್ನುತ್ತಿದೆ!

"ಮಂದಿ ಸಾಮಾನು, ಧೂಳ ಆಗಬಾರ್ದಲ್ರಿ ಸಾರ್. ಅಳತಿ ತಗೊಂಡು ಹೊಲ್ದೀನಿ. ನೀವು ಬರೋ ದಿನ ತಗದಿಡ್ತಿದ್ದೆ," ಎನ್ನುತ್ತಲೇ ಹುಸೇನಮ್ಮನವರಿಗೆ ಕೆಮ್ಮು ಒತ್ತರಿಸಿ ಬಂತು. ಗೋಡೆ ಹಿಡಿದು ಕೂತುಬಿಟ್ಟರು. ಕಾಗದ ಹಿಡಿಯಬೇಕಿದ್ದ ಧೂಳೆಲ್ಲ ಕೂತು ಕೌದಿಯ ಮೇಲುಮಗ್ಗುಲು ಕಪ್ಪಾಗಿತ್ತು. ಬಾರದ ವಿಮಾನಕ್ಕೂ ನಾನು ಅನ್ಯಾಯ ಮಾಡಿದ್ದೆ. ಈಗಿನ ಗಾಳಿಯೆಂದು ಇಷ್ಟು ಬಿಳಿ ಕಾಗದ ತೋರಿಸಿದರೆ, ಮುಂದೆ ಗದ್ದೆಯ ಹುಲ್ಲು ಸುಟ್ಟ ಹೊಗೆಯೂ ಅದರ ತಲೆಗೇ. ಆದರೆ ಆಗ ವಿಮಾನದ ಚಿಂತೆ ಯಾರಿಗಿತ್ತು? ಹೆದರಿಕೆಯಾಯಿತು, ನಾಚಿಕೆಯೂ ಆಯಿತು. "ನಾ ಹೇಳಿದ್ದು ತಪ್ಪಮ್ಮ. ಈಗಲೇ ದವಾಖಾನಿಗೆ ನಡೀರಿ," ಎಂದೆ.

ಅವರು ಸಿಟ್ಟಾಗಲಿಲ್ಲ. ಬೈಕಿನ ಹಿಂದೆ ಕೂತರು. ನಾನು ಅಭ್ಯಾಸಬಲದಿಂದ ಮೂಗಿಗೆ ಕಟ್ಟಿಕೊಳ್ಳಲು ಜೇಬಿನಿಂದ ಕರವಸ್ತ್ರ ತೆಗೆದೆ. ಬೆಳಿಗ್ಗೆ ಬೆಳ್ಳಗಿದ್ದದ್ದು ಆ ಕೌದಿಯ ಬಣ್ಣಕ್ಕೆ ತಿರುಗಿತ್ತು. ಪ್ರತಿ ವಾರವೂ ಹೀಗೇ. ಒಗೆಯುವಾಗ ಹೆಂಡತಿ ಬೈಯುತ್ತಾಳೆ.

"ಗಾಳಿ ಚಲೋ ಐತಿ ಅಂತ ಹೇಳಾಕ ಬರೋವಾಗೂ ಇದನ್ನ ಕಟ್ಕೊಂಡೇ ಬರ್ತಿದ್ರಲ್ರಿ ಸಾರ್?" ಎಂದರು ಹುಸೇನಮ್ಮ.

ಕರವಸ್ತ್ರವನ್ನು ಅವರಿಗೇ ಕಟ್ಟಿಕೊಳ್ಳಲು ಕೊಡೋಣವೆಂದುಕೊಂಡೆ. ಅಷ್ಟು ಕಪ್ಪಾದದ್ದು ಅದಕ್ಕೂ ಯೋಗ್ಯವಾಗಿರಲಿಲ್ಲ.