ನಮ್ಮಣ್ಣನ ಪ್ರೊಫೆಷನಲ್ ಕ್ಲಬ್ಬು

ಎಲ್ಲ ಊರಲ್ಲೂ ಜನ ಮೊದಲು ಚೆಂಡು ತರುತ್ತಾರೆ, ಆಮೇಲೆ ಆಡುತ್ತಾರೆ, ಬಹಳ ವರ್ಷ ಆಡಿದ ಮೇಲೆ ಯಾರಾದರೂ ಕೂತು ಚರಿತ್ರೆ ಬರೆಯುತ್ತಾರೆ. ನಮ್ಮಣ್ಣ ಮೊದಲು ಚರಿತ್ರೆ ಬರೆದ. ಚೆಂಡು ಬಂದದ್ದು ನಾಲ್ಕು ತಿಂಗಳ ನಂತರ.

ಐವತ್ತರ ದಶಕದ ಕೊನೆಯ ಮಾತು. ಅಣ್ಣನಿಗೆ ತರೀಕೆರೆಯಲ್ಲಿ ಸೈಕಲ್ ಷಾಪಿತ್ತು. ನಾನು ಅಲ್ಲೇ ಪ್ರೈಮರಿ ಸ್ಕೂಲ್ ಮೇಷ್ಟ್ರು. ಅವನ ಮನೆಯಲ್ಲೇ ಊಟ, ಅವನಿಂದಲೇ ಬೈಗುಳ. ಒಂದು ದಿನ ಬೆಂಗಳೂರಿನಿಂದ ಬಂದ ಪೆಡಲುಗಳಿಗೆ ಸುತ್ತಿದ್ದ ಇಂಗ್ಲಿಷ್ ಪತ್ರಿಕೆಯ ಹಾಳೆಯಲ್ಲಿ ಯಾವುದೋ ದೂರದೇಶದ ಫುಟ್ಬಾಲ್ ಕ್ಲಬ್ಬಿನ ಪರಿಚಯವಿತ್ತು. ಅದು ಯಾವಾಗ ಹುಟ್ಟಿತು, ಅಂಗಿಯ ಬಣ್ಣ ಯಾವುದು, ಯಾರ್ಯಾರನ್ನು ಸೋಲಿಸಿತು ಎಂದೆಲ್ಲ ಬರೆದಿದ್ದರು. ಅಣ್ಣ ಅದನ್ನು ನನ್ನಿಂದ ಮೂರು ಸಲ ಓದಿಸಿ ಅರ್ಥ ಹೇಳಿಸಿಕೊಂಡ. ಮಾರನೆಯ ದಿನ ಇನ್ನೂರು ಪುಟದ ನೋಟ್‌ಬುಕ್ ತಂದು "ನಮ್ಮ ಪ್ರೊಫೆಷನಲ್ ಫುಟ್ಬಾಲ್ ಕ್ಲಬ್ಬಿನ ಚರಿತ್ರೆ" ಎಂದು ಮೇಲೆ ಬರೆದ. ಮೊದಲ ವಾಕ್ಯ ಹೀಗಿತ್ತು: "ಈ ಕ್ಲಬ್ಬು ಇದುವರೆಗೆ ಯಾರಿಗೂ ಸೋತಿಲ್ಲ."

ಸುಳ್ಳು ಅನ್ನುವ ಹಾಗಿರಲಿಲ್ಲ.

"ಪ್ರೊಫೆಷನಲ್ ಅಂದ್ರೆ ಆಟಾನೇ ಕಸುಬು ಮಾಡ್ಕೊಂಡಿರೋರು ಅಣ್ಣ," ಎಂದೆ.

"ಆಟಾನ ಯಾರಾದ್ರೂ ಕಸುಬು ಮಾಡ್ಕೋತಾರೇನೋ? ಕಸುಬಿರೋರು ಆಡೋದು ಅಂತ ಕಣೋ ಅದು. ಮೇಷ್ಟ್ರಾಗಿದ್ದೀಯ, ಸರಿಯಾಗಿ ಓದು."

ಹೀಗಾಗಿ ಊರಿನಲ್ಲಿ ಕೆಲಸವಿಲ್ಲದೆ ತಿರುಗುತ್ತಿದ್ದ, ಆದರೆ ಓಡಬಲ್ಲ ಹುಡುಗರನ್ನೆಲ್ಲ ಅವನು ಬಾಗಿಲಲ್ಲೇ ವಾಪಸು ಕಳಿಸಿದ. ತಂಡಕ್ಕೆ ಸೇರಿದವರು ಪೋಸ್ಟ್‌ಮ್ಯಾನ್, ಟೈಲರ್, ಕಂಪೌಂಡರ್, ಹೋಟೆಲಿನ ಅಡಿಗೆಯವರು, ಅಮಲ್ದಾರರ ಕಚೇರಿಯ ಮುಂದೆ ಕೂತು ಅರ್ಜಿ ಬರೆದುಕೊಡುವವರು, ಹೀಗೆ. ಎಲ್ಲರಿಗೂ ಕಸುಬಿತ್ತು. ಕೆಲವರಿಗೆ ಹೊಟ್ಟೆಯೂ ಇತ್ತು. ರೈಲ್ವೆ ಗೇಟಿನ ಸಿದ್ದಣ್ಣನನ್ನು ಗೋಲ್‌ಕೀಪರ್ ಮಾಡಿದ. ಬರುವವರನ್ನು ತಡೆದು ನಿಲ್ಲಿಸುವುದು ಅವನಿಗೆ ಅಭ್ಯಾಸವಾದ ಕೆಲಸ ಎಂಬುದು ಕಾರಣ. ನಾನು ಬೇಡವೆಂದರೂ ಆಟಗಾರನೂ ಆದೆ, ಕಾರ್ಯದರ್ಶಿಯೂ ಆದೆ.

ಅಂಗಿಗೆ ಬಟ್ಟೆ ಹುಡುಕಿದಾಗ ಟೈಲರ್ ಬಳಿ ಒಂದೇ ನಮೂನೆಯದು ಹನ್ನೊಂದು ಜನಕ್ಕೆ ಸಾಕಾಗುವಷ್ಟು ಇದ್ದದ್ದು ಹಾಸಿಗೆಗೆ ಹೊಲಿಯುವ ಪಟ್ಟೆ ಬಟ್ಟೆ ಮಾತ್ರ. ಅದನ್ನೇ ಹೊಲಿಸಿದ. ನಾವು ಸಾಲಾಗಿ ನಿಂತರೆ ಹನ್ನೊಂದು ಹಾಸಿಗೆಗಳನ್ನು ಬಿಸಿಲಿಗೆ ಹಾಕಿದಂತೆ ಕಾಣುತ್ತಿತ್ತು. ಲಿಂಗದಹಳ್ಳಿಯ ಸಂತೆಯಿಂದ ಬರುತ್ತಿದ್ದ ಒಬ್ಬ ಮುದುಕಪ್ಪ ನನ್ನ ತೋಳು ಅಮುಕಿ, "ಹತ್ತಿ ಒಳ್ಳೇದು ತುಂಬಿಸಿದೀರಾ?" ಎಂದು ವಿಚಾರಿಸಿದ.

ಆಗ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಏಳುತ್ತಿತ್ತು. ಕೆಲಸಕ್ಕೆ ಮಲಬಾರಿನಿಂದಲೂ ತಮಿಳು ಸೀಮೆಯಿಂದಲೂ ಬಂದವರು ಕ್ಯಾಂಪಿನಲ್ಲಿದ್ದರು. ಸಂಜೆಯಾದರೆ ಚೆಂಡು ಒದೆಯುತ್ತಿದ್ದರು. ಅವರಿಗೆ ಚರಿತ್ರೆ ಇರಲಿಲ್ಲ, ಆಟ ಮಾತ್ರ ಬರುತ್ತಿತ್ತು. ಅಣ್ಣ ಅವರನ್ನು ತರೀಕೆರೆಗೆ ಆಟಕ್ಕೆ ಕರೆದ.

ರೈಲು ಹಳಿಯ ಪಕ್ಕದ ಬಯಲಿನಲ್ಲಿ ಆಟ. ಕ್ಯಾಂಪಿನ ಕಡೆ ಕೋಯ ಎಂಬ ಮಲಬಾರಿನ ಯುವಕನಿದ್ದ. ತೆಳ್ಳಗೆ, ಕರ್ರಗೆ, ಸದಾ ನಗುಮುಖ. ಮೊದಲ ಹತ್ತು ನಿಮಿಷದಲ್ಲೇ ಎರಡು ಗೋಲು ಹೊಡೆದ. ಮೂರನೆಯದಕ್ಕೆ ಅವನು ಬರುತ್ತಿರುವಾಗ ದೂರದಲ್ಲಿ ಗಾಡಿ ಸಿಳ್ಳೆ ಹಾಕಿತು. ಸಿದ್ದಣ್ಣ ಗೋಲು ಬಿಟ್ಟು ಗೇಟಿನ ಕಡೆ ಓಡಿದ. ಆ ದಿನ ಅವನಿಗೆ ರಜೆ, ಗೇಟಿನಲ್ಲಿ ಬೇರೆಯವನಿದ್ದ. ಆದರೂ ಓಡಿದ. ಕೋಯ ಚೆಂಡನ್ನು ಖಾಲಿ ಗೋಲಿನೊಳಗೆ ಮೆಲ್ಲಗೆ ಉರುಳಿಸಿದ, ಮಗುವನ್ನು ತೊಟ್ಟಿಲಲ್ಲಿ ಮಲಗಿಸುವ ಹಾಗೆ.

"ಯಾಕೋ ಓಡ್ದೆ?" ಎಂದು ಅಣ್ಣ ಕೇಳಿದ.

"ಗೋಲು ಬಿದ್ರೆ ಯಾರೂ ಸಾಯಲ್ಲ ಸ್ವಾಮಿ," ಎಂದ ಸಿದ್ದಣ್ಣ.

ಅಣ್ಣ ಆ ಸಂಜೆ ಮನೆಗೆ ಬಂದು ಚರಿತ್ರೆಯ ಮೊದಲ ವಾಕ್ಯವನ್ನು ತಿದ್ದಿದ: "ಈ ಕ್ಲಬ್ಬು ಇದುವರೆಗೆ ಲಕ್ಕವಳ್ಳಿ ಬಿಟ್ಟು ಬೇರೆ ಯಾರಿಗೂ ಸೋತಿಲ್ಲ."

ದೊಡ್ಡ ಕ್ಲಬ್ಬುಗಳು ಎದುರು ಪಕ್ಷದ ಒಳ್ಳೆಯ ಆಟಗಾರರನ್ನು ತಮ್ಮ ಕಡೆಗೆ ಸೆಳೆದುಕೊಳ್ಳುತ್ತವೆ ಎಂದೂ ಆ ಹಾಳೆಯಲ್ಲಿತ್ತು. ಅಣ್ಣ ಕೋಯನನ್ನು ಭಾನುವಾರ ಊಟಕ್ಕೆ ಕರೆದ. ಅಕ್ಕಿರೊಟ್ಟಿ, ಎಣ್ಣೆಗಾಯಿ, ಮೇಲೆ ತುಪ್ಪ. ಕೋಯ ಆರು ರೊಟ್ಟಿ ತಿಂದು, ಮುಂದಿನ ಆಟದಲ್ಲಿ ನಮಗೇ ಮೂರು ಗೋಲು ಹೊಡೆದ.

"ನೀನು ತುಪ್ಪ ಜಾಸ್ತಿ ಹಾಕ್ದೆ ಕಣೇ," ಎಂದು ಅಣ್ಣ ಅತ್ತಿಗೆಯ ಮೇಲೆ ರೇಗಿದ.

"ಕರ್ಕೊಂಡು ಬಂದೋರು ನೀವು. ಬಡ್ಸಿದ್ದು ನಂದು ತಪ್ಪಾ?" ಎಂದರು ಅತ್ತಿಗೆ.

ಆದರೂ ಕರೆಯುವುದನ್ನು ನಿಲ್ಲಿಸಲಿಲ್ಲ. ಮೊದಲ ಭಾನುವಾರ ಕೋಯನಿಗೆ ಜಗುಲಿಯಲ್ಲಿ ಎಲೆ ಹಾಕಿದ್ದರು. ಮೂರನೆಯ ಭಾನುವಾರ ಅತ್ತಿಗೆಯೇ, "ಅಲ್ಲಿ ಬಿಸ್ಲು, ಒಳಗ್ ಬಾರಪ್ಪ," ಎಂದರು. ಅಣ್ಣ ಪ್ರತಿ ಸಲವೂ ನಮ್ಮ ಕ್ಲಬ್ಬಿಗೆ ಬಾ ಎಂದು ಕೇಳುವನು. ಕೋಯ ತನಗೆ ಬಂದಷ್ಟು ಕನ್ನಡದಲ್ಲಿ, "ಅಣ್ಣಾ, ರೊಟ್ಟಿ ಇಲ್ಲಿ. ಗೋಲು ಅಲ್ಲಿ," ಎಂದು ನಗುವನು. ಅವನು ಹೋದ ಮೇಲೆ ಅಣ್ಣ, "ನಿಯತ್ತಿಲ್ಲದ ನನ್ ಮಗ," ಎಂದು ಬೈದುಕೊಂಡು, ಅವನ ಸೈಕಲ್ಲಿಗೆ ಹೊಸ ಬ್ರೇಕ್ ರಬ್ಬರ್ ಹಾಕಿಕೊಡಬೇಕಿತ್ತು, ಮರೆತೆ ಎಂದು ಪೇಚಾಡುವನು.

ಹೀಗೆ ಎರಡು ವರ್ಷ ಸೋತೆವು. ಮೂರನೆಯ ವರ್ಷದ ಮಳೆಗಾಲದಲ್ಲಿ ಕ್ಯಾಂಪಿನಲ್ಲಿ ಜ್ವರ ಎದ್ದಿತು. ಎರಡು ಭಾನುವಾರ ಕೋಯ ಬರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಕ್ಯಾಂಪಿನ ಮೇಸ್ತ್ರಿ ಷಾಪಿಗೆ ಬಂದ. ಕೈಯಲ್ಲಿ ಕೋಯ ಆಟಕ್ಕೆ ಹಾಕುತ್ತಿದ್ದ ಬೂಟುಗಳಿದ್ದವು.

"ಬುಧವಾರ ಹೋಗ್ಬಿಟ್ಟ ಸಾರ್. ಅಲ್ಲೇ ಮಣ್ಣು ಮಾಡಿದ್ವಿ. ಊರಲ್ಲಿ ತಾಯಿ ಒಬ್ರೇ. ಇದನ್ನ ಪೋಸ್ಟಲ್ಲಿ ಕಳಿಸ್ಬೇಕು, ಗಟ್ಟಿ ಡಬ್ಬ ಏನಾದ್ರೂ ಇದ್ರೆ ಕೊಡಿ."

ಅಣ್ಣ ಬೂಟುಗಳನ್ನು ಇಸಕೊಂಡು ಅಂಟಿದ್ದ ಮಣ್ಣನ್ನು ಷಾಪಿನ ಬಟ್ಟೆಯಿಂದ ಒರೆಸಿದ.

"ಇದು ಪೋಸ್ಟಲ್ಲಿ ಕಳ್ಸೋ ಸಾಮಾನಲ್ಲ," ಎಂದ. "ವಿಳಾಸ ಹೇಳಪ್ಪ."

ಬೀರೂರಿನಿಂದ ಆಚೆಗೆ ಒಮ್ಮೆಯೂ ಹೋಗದ ಮನುಷ್ಯ, ಮಾರನೆಯ ದಿನ ಷಾಪಿಗೆ ಬೀಗ ಹಾಕಿ ಮಲಬಾರಿಗೆ ಹೊರಟ. ಒಂಬತ್ತು ದಿನ ಸುದ್ದಿ ಇಲ್ಲ. ಹತ್ತನೆಯ ದಿನ ಸಂಜೆ ಸ್ಟೇಷನ್ನಿನಿಂದ ಕುಂಟುತ್ತ ಬಂದ. ಬಲಗಾಲಿನ ಹೆಬ್ಬೆರಳಿಗೆ ದಪ್ಪ ಬಟ್ಟೆ ಸುತ್ತಿತ್ತು.

"ಏನ್ರೀ ಇದು, ಎಲ್ಲಿ ಎಡವಿದ್ರಿ?" ಎಂದರು ಅತ್ತಿಗೆ.

ಅಣ್ಣ ಜಗುಲಿಯ ಮೇಲೆ ಕೂತ. ಅಲ್ಲಿಯ ಅನ್ನ ಬಹಳ ದಪ್ಪ ಎಂದ. ನೀರು ಕುಡಿದ. ಆಮೇಲೆ ನನ್ನ ಕಡೆ ತಿರುಗಿದ.

"ಆಯಮ್ಮಂಗೆ ನಮ್ ಮಾತು ಬರಲ್ಲ, ನಂಗೆ ಅವರ ಮಾತು ಬರಲ್ಲ. ಬೂಟು ಕೊಟ್ಟೆ. ಮಡಿಲಲ್ಲಿಟ್ಕೊಂಡು ಸುಮ್ನೆ ಕೂತ್ಬಿಟ್ರು. ನಾನು ಯಾರು ಅಂತಾನೂ ಗೊತ್ತಾಗ್ಲಿಲ್ಲ ಅವರಿಗೆ. ಹೆಂಗೆ ಹೇಳೋದು? ಅಂಗಳದಲ್ಲಿ ಒಂದು ಎಳನೀರು ಉದುರಿತ್ತು. ನಿಮ್ಮ ಮಗ ನಮಗೆ ಹಿಂಗೆ ಗೋಲು ಹೊಡೆದ ಅಂತ ಅದನ್ನೇ ಒದ್ದು ತೋರಿಸ್ದೆ."

"ಎಳನೀರನ್ನ ಬರಿಗಾಲಲ್ಲಿ ಒದ್ದ್ಯಾ?"

"ಹೂಂ. ನಾನೇ ಕೋಯ ಆಗೋದು, ನಾನೇ ಸಿದ್ದಣ್ಣ ಆಗಿ ಬೀಳೋದು. ಅವನು ನಮಗೆ ಹೊಡ್ದಿದ್ದು ಹತ್ತೊಂಬತ್ತು ಗೋಲು. ಒಂದೊಂದೂ ನೆನಪಿದೆ ನಂಗೆ. ಹನ್ನೆರಡನೇದಕ್ಕೆ ಉಗುರು ಕಿತ್ತು ಬಂತು."

"ಅಲ್ಲಿಗೇ ನಿಲ್ಲಿಸ್ಬಾರ್ದಾಗಿತ್ತಾ ಅಣ್ಣ?"

ಅಣ್ಣ ಕಾಲಿನ ಬಟ್ಟೆಯನ್ನು ಸರಿಮಾಡಿಕೊಳ್ಳುತ್ತ ತಲೆ ತಗ್ಗಿಸಿದ.

"ಆಯಮ್ಮ ನಗ್ತಾ ಇದ್ರು ಕಣೋ. ಹೆಂಗೆ ನಿಲ್ಲಿಸ್ಲಿ?"